ಅಗಸ್ತ್ಯನ ಎತ್ತರ

ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯು ಖಾನಾಪುರ ತಾಲೂಕಿನಲ್ಲಿರುವುದೆಂಬುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಆ ತಾಲೂಕಿನ ಪಡುವಣ ಹಳ್ಳಿಗಳಲ್ಲಿ ಮೃಗಶಿರೆಯ ಮಳೆ ಹಿಡಿಯಿತೆಂದರೆ ಹಸ್ತದವರೆಗೆ ಕೊಡೆಯನ್ನು ಮಡಿಸಿಡುವ ಪ್ರಸಂಗವೇ ಅಪರೂಪ. ಗೋಡೆಗಳಿಗೆ ಹಾವಸೆ ಕಟ್ಟುವುದು, ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು, ಡಬ್ಬಿಯಲ್ಲಿಯ ಉಪ್ಪು ನೀರಾಗುವುದು ಇವೆಲ್ಲ ಅಲ್ಲಿಯ ಗೃಹಿಣಿಯರಿಗೆ ವರ್ಷವರ್ಷವೂ ತಪ್ಪದ ಕಷ್ಟಗಳು. ಅಂಥ ಸೀಮೆಯಲ್ಲಿ ಹುಟ್ಟಿ ಬೆಳೆದವರೊಬ್ಬರು ತಮ್ಮ ಮುಪ್ಪಿನ ಹತ್ತು ವರ್ಷಗಳನ್ನು ಮರುಭೂಮಿಯ ಚಿತ್ರಗಳನ್ನು ಬರೆಯುವುದಕ್ಕೆ ಕೊಟ್ಟರೆಂದರೆ ಕೇಳಿದವರಿಗೆ ನಗು ಬರುವುದು ಸಹಜವೇ.

ಅವರು ಬೆಳಗಾವಿಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದ ಮಾಸ್ತರರು. ತಿಳಕವಾಡಿಯಲ್ಲಿ ಅವರ ವಾಸ. ಪಿತ್ರಾರ್ಜಿತವಾದ ಹಳೆಯ ಮನೆಯು ಖಾನಾಪುರದಿಂದ ಜಾಂಬೋಟಿಗೆ ಹೋಗುವ ದಾರಿಯ ಬದಿಯ ಹಳ್ಳಿಯೊಂದರಲ್ಲಿದೆ. ಎರಡು ಮನೆಗಳ ಗೋಡೆಗಳ ಮೇಲೆಯೂ ಇಂದು ಕಾಣುವುದು ಮರಳೇ ಮರಳು. “ನಮ್ಮ ಕಡೆ ಹಸುರಿಗೇನು ಬರ ಬಂದದ ಏನ್ರೀ ಮಾಸ್ತರ?” ಎಂದು ನೆರೆಯವರು ಕೇಳಿದರೆ, “ಹಸುರು ಬರಿಯೋದಕ್ಕ ದೇವರೇ ಇದ್ದಾನ. ಅವನ ಕೈಯಾಗಿನ ಕುಂಚ ನಾ ಯಾಕ ಕಸಗೊಳ್ಳಲಿ?” ಎಂದು ಮಾಸ್ತರರು ನಕ್ಕುಬಿಡುವರು.

ಅವರು ಮೊದಲಿನಿಂದಲೂ ಮರಳಿನ ಚಿತ್ರಕಾರರಾಗಿರಲಿಲ್ಲ. ಬೆಳಗಾವಿಯು ಚಿತ್ರಕಾರರ ಊರು. ಕೆ. ಬಿ. ಕುಲಕರ್ಣಿಯವರ ಚಿತ್ರಮಂದಿರದಲ್ಲಿ ಕುಂಚ ಹಿಡಿಯಲು ಕಲಿತವರು ಪರಸ್ಥಳಗಳಲ್ಲಿಯೂ ಹೆಸರು ಪಡೆದರು. 1935ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ರವಿ ಪರಾಂಜಪೆಯವರು ಅಂಥವರಲ್ಲೊಬ್ಬರು. ಆ ಊರಿನ ಗಾಳಿಯಲ್ಲಿ ಬೆಳೆದ ಮಾಸ್ತರರು ತಮ್ಮ ಸೇವೆಯ ಕಾಲವೆಲ್ಲ ನೀರುಬಣ್ಣದಲ್ಲಿಯೇ ಬರೆಯುತ್ತಿದ್ದರು. ನೀಲಗಿರಿಯ ಮತ್ತು ಕೊಡೈಕನಾಲಿನ ಮಂಜನ್ನು ನೀರುಬಣ್ಣದಲ್ಲಿ ಹಿಡಿದ ಮೈಸೂರಿನ ಕೆ. ವೆಂಕಟಪ್ಪನವರೇ (1886–1965) ಅವರಿಗೆ ಆದರ್ಶವಾಗಿದ್ದರು. ಅಸೋಗೆಯಲ್ಲಿ ತುಂಬಿ ಹರಿಯುವ ಮಲಪ್ರಭೆ, ಹಲಸಿಯ ಕದಂಬರ ಕಾಲದ ಗುಡಿಗಳ ಮೇಲೆ ಕವಿದ ಮುಗಿಲು, ಖಾನಾಪುರದ ಕುಂಬಾರರ ಅಂಗಳದಲ್ಲಿ ಒಣಗದೆ ಕುಳಿತ ಮಡಕೆಗಳು ಇವುಗಳನ್ನೇ ಬರೆದು ಬರೆದು ಅವರ ಕೈ ಪಳಗಿತ್ತು. ಮಳೆಯನ್ನು ಬರೆಯುವವನಿಗೆ ನೀರೇ ಅರ್ಧ ಕೆಲಸವನ್ನು ಮಾಡಿಕೊಡುವುದೆಂದು ಅವರು ಮಕ್ಕಳಿಗೆ ಹೇಳುತ್ತಿದ್ದುದುಂಟು.

ಚಿತ್ರದ ಹವ್ಯಾಸಕ್ಕಿಂತಲೂ ಹಳೆಯದಾದ ಹವ್ಯಾಸ ಅವರಿಗೆ ಇನ್ನೊಂದಿತ್ತು. ಅವರ ತಂದೆಯವರು ಪಂಚಾಂಗವನ್ನು ಬಲ್ಲವರು. ಹಳ್ಳಿಯ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತು, ಮಾರ್ಗಶಿರ–ಪುಷ್ಯಮಾಸಗಳ ರಾತ್ರಿಗಳಲ್ಲಿ ಮಗನಿಗೆ ಆಕಾಶವನ್ನು ಓದಿಸುತ್ತಿದ್ದರು. ಕೃತ್ತಿಕೆಯ ಗೊಂಚಲು, ಕೆಂಪಗಿನ ರೋಹಿಣಿ, ಮೃಗಶಿರೆಯ ಮೂರು ಚಿಕ್ಕೆ, ಅದರ ಬದಿಗೆ ಕೆಂಡದಂತಿರುವ ಆರ್ದ್ರೆ, ಬೆಳ್ಳಗೆ ಉರಿಯುವ ಲುಬ್ಧಕ, ತೀರ ದಕ್ಷಿಣಕ್ಕೆ ಒಬ್ಬನೇ ನಿಂತ ಅಗಸ್ತ್ಯ. ಒಕ್ಕಲಿಗರು ರೋಹಿಣಿ, ಮೃಗಶಿರೆ, ಆರಿದ್ರೆಗಳನ್ನು ಮಳೆಯ ಹೆಸರೆಂದು ಬಲ್ಲರು. ಸೂರ್ಯನು ಆ ನಕ್ಷತ್ರಗಳಲ್ಲಿರುವಾಗ ಬರುವ ಮಳೆಗಳವು. ಸೂರ್ಯನ ಜೊತೆಗಿರುವುದರಿಂದ ಆಗ ಅವು ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದು ಸೂರ್ಯನು ಎದುರು ಮಗ್ಗುಲಿಗೆ ಸರಿದ ಮೇಲೆ ಅವೇ ನಕ್ಷತ್ರಗಳು ಚಳಿಗಾಲದ ಇರುಳಿನಲ್ಲಿ ನೆತ್ತಿಗೆ ಬರುತ್ತವೆ. “ಮಳಿಗಾಲದಾಗ ಕೆಲಸ ಮಾಡ್ಯಾವ, ಚಳಿಗಾಲದಾಗ ಮೈ ಒಣಗಿಸಿಕೊಳ್ಳಲಿಕ್ಕ ಬಂದಾವ” ಎಂದು ತಂದೆಯವರು ಹೇಳುತ್ತಿದ್ದ ಮಾತು ಮಾಸ್ತರರ ಮನಸ್ಸಿನಿಂದ ಎಂದೂ ಅಳಿಯಲಿಲ್ಲ.

ಬೆಳಗಾವಿಗೆ ಮರುಭೂಮಿಯು ತೀರ ಅಪರಿಚಿತವಾದುದೆನ್ನುವಂತಿಲ್ಲ. 1922ರಿಂದ ಮರಾಠಾ ದಳದ ಶಿಕ್ಷಣಕೇಂದ್ರವು ಆ ಊರಿನಲ್ಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಮರಳಿನಲ್ಲಿ ಹೋರಾಡಿದ ಪಲ್ಟಣಗಳ ಪರಂಪರೆ ಅದರದು. ಮಾಸ್ತರರ ಮಗನೂ ಸೈನ್ಯವನ್ನೇ ಸೇರಿದನು. ಅವನು ರಾಜಸ್ಥಾನದ ಜೈಸಲ್ಮೇರಿನಲ್ಲಿದ್ದಾಗ, 2014ರ ಸಂಕ್ರಾಂತಿಯ ಮರುದಿನ, ತಂದೆತಾಯಿಗಳು ಅಲ್ಲಿಗೆ ಹೋಗಿ ಒಂಬತ್ತು ರಾತ್ರಿ ಇದ್ದು ಬಂದರು. ಮಾಸ್ತರರ ಪತ್ನಿಗೆ ಮಗನನ್ನು ನೋಡುವುದೇ ಯಾತ್ರೆಯ ಫಲ. ಮಾಸ್ತರರು ಮಾತ್ರ ಮೊದಲನೆಯ ದಿನವೇ ಬೇರೊಬ್ಬ ಮನುಷ್ಯರಾದರು.

ಅಮರಸಿಂಹನು ನೀರಿಲ್ಲದ ನಾಡಿಗೆ ಮರು, ಧನ್ವ ಎಂಬೆರಡು ಹೆಸರುಗಳನ್ನು ಕೊಟ್ಟಿರುವನು. ಬಾಲ್ಯದಲ್ಲಿ ಕಂಠಪಾಠ ಮಾಡಿದ ಆ ಎರಡು ಶಬ್ದಗಳಿಗೆ ಅರ್ಥವು ಅರುವತ್ತು ದಾಟಿದ ಮೇಲೆ ಕಣ್ಣೆದುರಿಗೆ ಬಂದಿತು. 1156ರಲ್ಲಿ ರಾವಲ್ ಜೈಸಲನು ಕಟ್ಟಿಸಿದ ಹಳದಿ ಕಲ್ಲಿನ ಕೋಟೆಯು ಇಳಿಬಿಸಿಲಿನಲ್ಲಿ ಹೊನ್ನಾಗುವುದನ್ನು ಎಲ್ಲ ಪ್ರವಾಸಿಗಳೂ ಮೆಚ್ಚುವರು. ಮಾಸ್ತರರನ್ನು ಹಿಡಿದು ನಿಲ್ಲಿಸಿದುದು ಅದಲ್ಲ; ಊರಿನಿಂದ ಸುಮಾರು ನಲವತ್ತು ಕಿಲೋಮೀಟರು ಪಶ್ಚಿಮಕ್ಕೆ, ಸಮ್ ಎಂಬಲ್ಲಿಯ ಮರಳಿನ ದಿಬ್ಬಗಳು. ಬಿಸಿಲು ಬಿದ್ದ ಮಗ್ಗುಲು ಅರಿಸಿನ. ಬೀಳದ ಮಗ್ಗುಲು ನೀಲಿ. ನೆರಳಿಗೆ ಸೂರ್ಯನ ಬೆಳಕು ನೇರವಾಗಿ ದೊರೆಯದೆ ಬರಿಯ ಆಕಾಶದ ಬೆಳಕು ದೊರೆಯುವುದರಿಂದ ಅದು ಆಕಾಶದ ಬಣ್ಣವನ್ನೇ ಪಡೆಯುವುದೆಂಬುದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದರೂ, ಗಿಡವಿಲ್ಲದ, ಮನೆಯಿಲ್ಲದ, ಎರಡೇ ಬಣ್ಣಗಳ ಆ ಬಯಲಿನಲ್ಲಿ ಅದು ಹೊಸ ಪಾಠದಂತೆ ತೋರಿತು.

ಮೊದಲೆರಡು ರಾತ್ರಿಗಳಲ್ಲಿ ಮಾತ್ರ ಅವರಿಗೆ ಅಸಮಾಧಾನವಾಯಿತು. ಪುಷ್ಯದ ಹುಣ್ಣಿಮೆಯು ಅದೇ ಸಮಯಕ್ಕೆ ಬಂದಿದ್ದು, ಬೆಳದಿಂಗಳಿನಲ್ಲಿ ಸಣ್ಣ ನಕ್ಷತ್ರಗಳೆಲ್ಲ ಮುಳುಗಿಹೋಗಿದ್ದುವು. ಅಷ್ಟು ದೂರ ಬಂದು ಚಂದ್ರನನ್ನು ನೋಡುವುದೇ ಎಂದು ಅವರು ಶಾಲನ್ನು ಕಿವಿಗೆ ಸುತ್ತಿಕೊಂಡು ಗೊಣಗುತ್ತ ಕುಳಿತಿದ್ದರು. ಪತ್ನಿಯು ಏನನ್ನೂ ಮಾತಾಡದೆ ದಿಬ್ಬದ ಮೇಲೆ ಬಹಳ ಹೊತ್ತು ಕುಳಿತು ಮರಳನ್ನು ನೋಡುತ್ತಿದ್ದರು. ಮಗನು ಎರಡು ಸಲ ಕರೆದರೂ ಆಕೆ ಏಳಲಿಲ್ಲ. ಮಾಸ್ತರರು ಅದನ್ನು ಆಗ ಗಮನಿಸಿದರೇ ಹೊರತು ಆಕೆಗೆ ಏನು ಕಾಣುತ್ತಿದೆಯೆಂದು ಕೇಳಲಿಲ್ಲ.

ನಾಲ್ಕೈದು ದಿನಗಳ ಮೇಲೆ ಚಂದ್ರನು ತಡವಾಗಿ ಹುಟ್ಟತೊಡಗಿ ಮುನ್ನಿರುಳು ಕತ್ತಲಾಯಿತು. ರಾತ್ರಿ ಹನ್ನೊಂದರ ಸುಮಾರಿಗೆ ಮಾಸ್ತರರು ದಕ್ಷಿಣಕ್ಕೆ ತಿರುಗಿ ಅಗಸ್ತ್ಯನನ್ನು ಹುಡುಕಿದರು. ತಂದೆಯವರು ಕಲಿಸಿದ ಅಳತೆಯೊಂದುಂಟು: ಕೈಯನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲವು ಆಕಾಶದಲ್ಲಿ ಸುಮಾರು ಹತ್ತು ಅಂಶವನ್ನು ಮುಚ್ಚುವುದು. ಖಾನಾಪುರದಲ್ಲಿ ಅಗಸ್ತ್ಯನು ತನ್ನ ಪರಮಾವಧಿ ಎತ್ತರಕ್ಕೆ ಬಂದಾಗ ದಿಗಂತದಿಂದ ಎರಡು ಮುಷ್ಟಿ ಮೇಲಿರುವನು. ಜೈಸಲ್ಮೇರಿನಲ್ಲಿ ಅವನು ಒಂದೇ ಮುಷ್ಟಿಯ ಎತ್ತರದಲ್ಲಿ, ಮರಳಿನ ಏಣಿಗೆ ತಾಗುವಂತೆ ತೂಗುತ್ತಿದ್ದನು. ಉತ್ತರಕ್ಕೆ ತಿರುಗಿದರೆ, ಊರಿನಲ್ಲಿ ಒಂದೂವರೆ ಮುಷ್ಟಿಯಷ್ಟು ಎತ್ತರದಲ್ಲಿರುವ ಧ್ರುವನು ಅಲ್ಲಿ ಮೂರು ಮುಷ್ಟಿಯ ಹತ್ತಿರಕ್ಕೆ ಏರಿ ಕುಳಿತಿದ್ದನು. ಖಾನಾಪುರವು ಹದಿನಾರು ಅಕ್ಷಾಂಶಕ್ಕೆ ತುಸು ಕಡಮೆಯಿದ್ದು ಜೈಸಲ್ಮೇರು ಇಪ್ಪತ್ತೇಳರ ಸಮೀಪದಲ್ಲಿರುವುದೇ ಇದಕ್ಕೆ ಕಾರಣ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಗಸ್ತ್ಯಚಾರವೆಂದು ಒಂದು ಅಧ್ಯಾಯವನ್ನೇ ಇಟ್ಟು, ಅಗಸ್ತ್ಯನ ದರ್ಶನಕಾಲವನ್ನು ದೇಶದೇಶಕ್ಕೆ ಬೇರೆಬೇರೆಯಾಗಿ ಗಣಿಸಬೇಕೆಂದು ಹೇಳಿರುವನು. ಅದನ್ನು ಓದಿ ಬಲ್ಲ ಮಾಸ್ತರರು ಅಂದು ಮರಳಿನ ಮೇಲೆ ಕೈ ಚಾಚಿ ನಿಂತು, ತಮ್ಮ ಊರಿನಿಂದ ತಾವು ಎಷ್ಟು ದೂರ ಬಂದಿರುವೆವೆಂಬುದನ್ನು ರೈಲಿನ ಎರಡು ರಾತ್ರಿಗಳಿಗಿಂತ ಸ್ಪಷ್ಟವಾಗಿ ತಿಳಿದರು.

ಊರಿಗೆ ಮರಳಿದ ಮೇಲೆ ನೀರುಬಣ್ಣವನ್ನು ಕೈಬಿಟ್ಟು ಎಣ್ಣೆಬಣ್ಣವನ್ನು ಹಿಡಿದರು. ನೀರುಬಣ್ಣದಲ್ಲಿ ಬೆಳಕೆಂದರೆ ಬರೆಯದೆ ಬಿಟ್ಟ ಕಾಗದದ ಬಿಳುಪು. ಮರಳಿನ ಬೆಳಕು ಹಾಗೆ ಬಿಟ್ಟರೆ ಬರುವಂಥದಲ್ಲ. ಅದನ್ನು ಪದರ ಪದರವಾಗಿ ಕೂಡಿಸಬೇಕು. ಎಣ್ಣೆಬಣ್ಣದ ಜೀವಾಳವು ಅಗಸೆಯೆಣ್ಣೆ. ನಮ್ಮ ಸೀಮೆಯ ಅಡುಗೆಮನೆಗಳಲ್ಲಿ ರೊಟ್ಟಿಯ ಜೊತೆಗೆ ಹಿಂಡಿಯಾಗಿ ಬರುವ ಅಗಸೆಯ ಎಣ್ಣೆಯೇ ಅದು. ಅದು ನೀರಿನಂತೆ ಆರಿಹೋಗಿ ಒಣಗುವುದಿಲ್ಲ. ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವುದು. ಆದುದರಿಂದ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಕಾಯಬೇಕು. ಮಳೆಗಾಲದಲ್ಲಿ ಕಾಯುವುದೂ ವ್ಯರ್ಥ. ಬಟ್ಟೆಗೆ ಬೂಷ್ಟು ಬರುವುದು. ಹೀಗಾಗಿ ದೀಪಾವಳಿಯಿಂದ ಹೋಳಿಯ ಹುಣ್ಣಿಮೆಯವರೆಗೆ ಬರೆಯುವುದು, ಉಳಿದ ಕಾಲ ಕುಂಚ ತೊಳೆದಿಡುವುದು ಎಂಬ ವ್ರತವು ತಾನಾಗಿಯೇ ನೆಲೆಗೊಂಡಿತು. ಆಕಾಶವನ್ನು ನೋಡುವ ಕಾಲವೂ ಅದೇ ಆದುದರಿಂದ ಹಗಲು ಮರಳು, ಇರುಳು ನಕ್ಷತ್ರ ಎಂಬಂತೆ ಅವರ ಚಳಿಗಾಲಗಳು ಸಾಗಿದುವು.

ಮರುಭೂಮಿಯನ್ನು ಎಣ್ಣೆಬಣ್ಣದಲ್ಲಿ ಬರೆದವರು ಫ್ರಾನ್ಸಿನಲ್ಲಿ ಅನೇಕರು ಆಗಿಹೋದರು. ಗ್ಯುಸ್ತಾವ್ ಗಿಯೋಮೆ ಎಂಬವನ ‘ಸಹರಾ’ ಎಂಬ 1867ರ ಚಿತ್ರದಲ್ಲಿ ಒಂದು ಒಂಟೆಯ ಎಲುಬುಗೂಡು, ಬರಿದಾದ ಬಯಲು, ಬೆಳಕು ಇವಲ್ಲದೆ ಹೆಚ್ಚೇನೂ ಇಲ್ಲ. ಆ ಚಿತ್ರದ ಮುದ್ರಿತ ಪ್ರತಿಯನ್ನು ಮಾಸ್ತರರು ಗೋಡೆಗೆ ಅಂಟಿಸಿಕೊಂಡಿದ್ದರು. ಚಿತ್ರದ ಆರು ಅಂಗಗಳಲ್ಲಿ ಸಾದೃಶ್ಯ, ವರ್ಣಿಕಾಭಂಗಗಳು ಕೊನೆಯವು. ಎಂದರೆ ಕಂಡುದಕ್ಕೆ ಹೋಲುವುದು, ಮತ್ತು ಬಣ್ಣವನ್ನು ಬೆರೆಸುವ ಕುಶಲತೆ. ಈ ಎರಡರಲ್ಲಿ ತಪ್ಪಬಾರದೆಂಬುದು ಅವರ ಹಟವಾಗಿತ್ತು. ಶಾಲೆಯಲ್ಲಿ ಮಕ್ಕಳ ಚಿತ್ರಗಳನ್ನು ತಿದ್ದಿ ತಿದ್ದಿ ಬಂದ ಸ್ವಭಾವವು ನಿವೃತ್ತಿಯಿಂದ ಹೋಗಲಿಲ್ಲ. ಮನೆಗೆ ಬಂದವರು ಚಿತ್ರವನ್ನು ನೋಡಿ “ಮುಂಜಾನಿ ಛಲೋ ಬಂದದ” ಎಂದರೆ, “ಮುಂಜಾನಿ ಅಲ್ಲ, ಸಂಜಿ” ಎಂದು ತಿದ್ದದೆ ಅವರು ಬಿಡುತ್ತಿರಲಿಲ್ಲ.

ಬೆಳಗಾವಿಯ ದೀಪಗಳ ಬೆಳಕಿನಲ್ಲಿ ಕೃತ್ತಿಕೆಯು ಮಾಸಲಾಗಿ ಬಹಳ ವರ್ಷಗಳಾಗಿದ್ದುವು. ಆದುದರಿಂದ ಅಮಾವಾಸ್ಯೆಯ ಆಸುಪಾಸಿನಲ್ಲಿ ಅವರು ಹಳ್ಳಿಯ ಮನೆಗೆ ಹೋಗಿ ಇರುವರು. ಕಾಡಿನ ಸೆರಗಿನಲ್ಲಿರುವ ಆ ಹಳ್ಳಿಯಲ್ಲಿ ಇರುಳು ಇನ್ನೂ ಇರುಳಾಗಿಯೇ ಉಳಿದಿದೆ. ಅಲ್ಲಿ ಅವರು ಮೊದಲು ಮಾಡುವ ಕೆಲಸವೆಂದರೆ ಕೃತ್ತಿಕೆಯನ್ನು ಎಣಿಸುವುದು. ಷಣ್ಮಾತೃಗಳಾದ ಕೃತ್ತಿಕೆಯರು ಆರು. ಒಳ್ಳೆಯ ಕಣ್ಣಿಗೆ ಆರೂ ಬಿಡಿಬಿಡಿಯಾಗಿ ಕಾಣಬೇಕು. ಇದು ತಂದೆಯವರ ಕಾಲದಿಂದ ಬಂದ ಕಣ್ಣಿನ ಪರೀಕ್ಷೆ.

2019ರ ಕೊನೆಯ ಚಳಿಗಾಲದಲ್ಲಿ ಒಂದು ವಿಚಿತ್ರವು ನಡೆಯಿತು. ಆರ್ದ್ರೆಯು ಎಂದಿನಂತೆ ಉರಿಯದೆ ಮಂಕಾಗಿ ತೋರಿತು. ಮಾಸ್ತರರು ತಮ್ಮ ಕಣ್ಣೇ ಮಂಕಾಯಿತೆಂದು ಗಾಬರಿಪಟ್ಟು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕೆಂದಿದ್ದರು. ಅಷ್ಟರಲ್ಲಿ ವರ್ತಮಾನಪತ್ರಗಳಲ್ಲಿ ಸುದ್ದಿ ಬಂದಿತು: ಆರ್ದ್ರೆಯು ನಿಜವಾಗಿಯೇ ಮಂಕಾಗಿದೆ! 2020ರ ಫೆಬ್ರವರಿಯವರೆಗೆ ಇಳಿದು ಅದು ಮತ್ತೆ ಮೊದಲಿನ ಕಾಂತಿಗೆ ಬಂದಿತು. ಆ ನಕ್ಷತ್ರವು ತಾನೇ ಉಗುಳಿದ ಅನಿಲವು ಧೂಳಾಗಿ ನಮ್ಮ ಮತ್ತು ಅದರ ನಡುವೆ ಅಡ್ಡಬಂದಿತೆಂದು ವಿಜ್ಞಾನಿಗಳು ಅನಂತರ ನಿರ್ಣಯಿಸಿದರು. ಮಾಸ್ತರರಿಗೆ ಆದ ಸಂತೋಷಕ್ಕೆ ಪಾರವಿರಲಿಲ್ಲ. ತಮ್ಮ ಕಣ್ಣು ತಪ್ಪಿರಲಿಲ್ಲ, ತಪ್ಪಿದುದು ನಕ್ಷತ್ರ!

ಈ ಗೆಲುವೇ ಅವರಿಗೆ ಮುಳುವಾಯಿತು. ಅಲ್ಲಿಂದ ಮುಂದೆ ಏನು ಮಾಸಿದರೂ ದೋಷವನ್ನು ಅವರು ಹೊರಗೇ ಹುಡುಕತೊಡಗಿದರು. ಕೃತ್ತಿಕೆಯರು ಆರರಿಂದ ನಾಲ್ಕಾದರು. ಊರಿನ ದೀಪಗಳು ಹಳ್ಳಿಗೂ ಬಂದುವೆಂದರು. ಲುಬ್ಧಕನ ಬಿಳುಪಿಗೆ ಮೇಣದ ಬಣ್ಣ ಬಂದಿತು. ಕಬ್ಬಿನ ರವದಿ ಸುಟ್ಟ ಹೊಗೆಯೆಂದರು. ಅಂಗಡಿಯಿಂದ ತಂದ ನೀಲಿಬಣ್ಣವು ಮೊದಲಿನಷ್ಟು ನೀಲಿಯಾಗಿಲ್ಲವೆಂದೂ ಬಣ್ಣ ಮಾಡುವವರು ಈಗ ಮೋಸ ಮಾಡುತ್ತಿರುವರೆಂದೂ ಗೊಣಗಿ, ಒಂದು ಪಾಲು ಹಾಕುವಲ್ಲಿ ಎರಡು ಪಾಲು ಹಾಕಿದರು.

2021ರ ಚಳಿಗಾಲದಲ್ಲಿ ಅವರ ಪತ್ನಿಯು ಹಾಸಿಗೆ ಹಿಡಿದರು. ಆಕೆಯ ಮಂಚದ ಎದುರಿಗೆ ನೋಡಲು ಏನಾದರೂ ಇರಲೆಂದು ಮಾಸ್ತರರು ಒಂದು ದೊಡ್ಡ ಚಿತ್ರವನ್ನು ಬರೆದರು. ಜೈಸಲ್ಮೇರಿನಿಂದ ಹೊರಡುವ ಹಿಂದಿನ ದಿನ ಇಳಿಹೊತ್ತಿನಲ್ಲಿ ಕಂಡ ಸಮ್‌ನ ದಿಬ್ಬಗಳು. ಅರಿಸಿನದ ಬಿಸಿಲು, ಉದ್ದನೆಯ ನೆರಳು. ನೆನಪಿನಲ್ಲಿದ್ದ ಆ ಹೊಳಪು ಬಟ್ಟೆಯ ಮೇಲೆ ಬರುವವರೆಗೆ ಬಣ್ಣದ ಮೇಲೆ ಬಣ್ಣವಿಟ್ಟು ಎರಡು ತಿಂಗಳು ದುಡಿದರು. ಗೋಡೆಗೆ ತೂಗಹಾಕಿದ ದಿನ ಆಕೆ ಬಹಳ ಹೊತ್ತು ನೋಡಿ, “ಬೆಳದಿಂಗಳು ಭಾಳ ಚಂದ ಬಿದ್ದದ ನೋಡ್ರಿ” ಎಂದರು.

ಮಾಸ್ತರರಿಗೆ ಮನಸ್ಸು ಕುಗ್ಗಿತು. ಔಷಧಗಳಿಂದ ಆಕೆಯ ಕಣ್ಣು ಹೀಗಾಯಿತೆಂದುಕೊಂಡರು. ಆದರೂ ತಿದ್ದುವ ಸ್ವಭಾವವು ಸುಮ್ಮನಿರಗೊಡಲಿಲ್ಲ. “ಬೆಳದಿಂಗಳಲ್ಲ. ಇಳಿಬಿಸಿಲು ಅದು” ಎಂದರು. “ಆಗಲ್ರಿ. ಬಿಸಿಲಂದ್ರ ಬಿಸಿಲು” ಎಂದು ಆಕೆ ನಕ್ಕರು. ಮರುದಿನ ನೋಡಲು ಬಂದ ನೆಂಟರಿಗೆ ಆಕೆ ಚಿತ್ರವನ್ನು ತೋರಿಸಿ, “ಇಳಿಬಿಸಿಲಂತ” ಎಂದು ಹೇಳಿದುದನ್ನು ಮಾಸ್ತರರು ಬಾಗಿಲಿನಾಚೆ ನಿಂತು ಕೇಳಿದರು. ಪಾಠವು ಸರಿಯಾಗಿ ಬಂದಿತೆಂದು ಅವರಿಗೆ ಸಮಾಧಾನವಾಯಿತು. ಮರುವರ್ಷದ ಮಳೆಗಾಲಕ್ಕೆ ಮುನ್ನ ಆಕೆ ತೀರಿಕೊಂಡರು.

ಆ ವರ್ಷವೂ ಮರುವರ್ಷವೂ ಮಾಸ್ತರರು ಬರೆದುದು ಕಡಮೆ. ಒಂದು ದಿನ ಮೊಮ್ಮಗಳು ಅವರ ಮಗ್ಗುಲಲ್ಲಿ ಕುಳಿತು ಕುಂಚದ ಕಡೆಗೂ ಬಟ್ಟೆಯ ಕಡೆಗೂ ನೋಡಿ, “ಅಜ್ಜಾ, ಉಸುಕು ಇಷ್ಟು ನೀಲಿ ಇರ್ತದೇನು?” ಎಂದು ಕೇಳಿದಳು. ದೊಡ್ಡವರಾರೂ ಅದನ್ನು ಕೇಳಿರಲಿಲ್ಲ. ಗೌರವದಿಂದ ಕೆಲವರು, ಮರುಕದಿಂದ ಕೆಲವರು ಸುಮ್ಮನಿದ್ದರು. ಮಾಸ್ತರರು ಬಣ್ಣದ ಕೊಳವೆಯನ್ನು ಅವಳ ಕೈಗೆ ಕೊಟ್ಟು ಹೆಸರನ್ನು ಓದಿಸಿದರು. ತಾವು ಬೂದು ಎಂದುಕೊಂಡು ಹಿಂಡುತ್ತಿದ್ದುದು ಅಪ್ಪಟ ನೀಲಿಯಾಗಿತ್ತು. ಅಂದಿನ ಸಂಜೆಯೇ ವೈದ್ಯರಲ್ಲಿಗೆ ಹೋದರು. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು; ಬೆಳಗಾವಿಯ ಕಡೆಯ ಮಾತಿನಲ್ಲಿ ಮೋತಿಬಿಂದು.

ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಅವರು ಪತ್ನಿಯ ಕೋಣೆಯಲ್ಲಿ ನಿಂತು, ಎಡಗಣ್ಣನ್ನು ಮುಚ್ಚಿ ಚಿತ್ರವನ್ನು ನೋಡಿದರು. ಮತ್ತೆ ಬಲಗಣ್ಣನ್ನು ಮುಚ್ಚಿ ನೋಡಿದರು. ಎಡಗಣ್ಣಿಗೆ ಅದು ತಾವು ಬರೆದ ಇಳಿಬಿಸಿಲೇ ಆಗಿತ್ತು. ಬಲಗಣ್ಣಿಗೆ ಅಲ್ಲಿ ಬಿಸಿಲೇ ಇರಲಿಲ್ಲ. ನೀಲಿಯ ದಿಬ್ಬಗಳು, ಬೆಳ್ಳಗಿನ ನೀಲಿಯ ಏಣುಗಳು, ತಣ್ಣನೆಯ ನೆರಳು. ಹುಣ್ಣಿಮೆಯ ರಾತ್ರಿ!

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗೆ ತಿರುಗಿ ನೀಲಿಯ ಬೆಳಕನ್ನು ಒಳಗೆ ಬಿಡಲೊಲ್ಲದು. ಎದುರಿಗಿರುವ ದೃಶ್ಯವನ್ನು ನೋಡಿ ಬರೆಯುವವನಿಗೆ ಇದರಿಂದ ಅಷ್ಟಾಗಿ ಬಾಧೆಯಿಲ್ಲ. ದೃಶ್ಯವೂ ಚಿತ್ರವೂ ಒಂದೇ ಪೊರೆಯ ಮೂಲಕ ಕಾಣುವುದರಿಂದ ತಕ್ಕಡಿಯ ಎರಡು ತಟ್ಟೆಗಳಿಗೂ ಒಂದೇ ತೂಕ ಬೀಳುವುದು. ಮಾಸ್ತರರು ಬರೆಯುತ್ತಿದ್ದುದು ನೆನಪಿನಿಂದ. ನೆನಪು ಪೊರೆ ಬರುವುದಕ್ಕೆ ಮುಂಚಿನದು; ಚಿತ್ರವು ಪೊರೆಯೊಳಗಿನದು. ಆ ಕೊರತೆಯನ್ನು ತುಂಬಲು ಅವರು ನೀಲಿಯನ್ನು ಸುರಿಯುತ್ತಲೇ ಹೋಗಿದ್ದರು. ಫ್ರಾನ್ಸಿನ ಕ್ಲೋದ್ ಮೋನೆಯೂ ಇದೇ ಸಂಕಟಕ್ಕೆ ಒಳಗಾಗಿ, 1923ರಲ್ಲಿ ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನು. ಆ ವರ್ಷಗಳಲ್ಲಿ ತನ್ನ ಎಷ್ಟೋ ಚಿತ್ರಗಳನ್ನು ಅವನು ತಾನೇ ಹಾಳುಮಾಡಿದನು.

ಮಾಸ್ತರರೂ ಅದನ್ನೇ ಮಾಡಹೊರಟರು. ಪೊರೆಯ ಕಾಲದ ಹನ್ನೊಂದು ಚಿತ್ರಗಳನ್ನು ಗೋಡೆಗಳಿಂದ ಇಳಿಸಿ, ಬಣ್ಣ ಕೆರೆಯುವ ಚೂರಿಯನ್ನು ತಂದಿಟ್ಟುಕೊಂಡು, ದೊಡ್ಡ ಚಿತ್ರದಿಂದಲೇ ಮೊದಲುಮಾಡಬೇಕೆಂದು ಕುಳಿತರು. ಕುಳಿತವರಿಗೆ ದಿಬ್ಬದ ಮೇಲೆ ಕುಳಿತ ಪತ್ನಿಯ ನೆನಪಾಯಿತು. ಮಗನು ಕರೆದರೂ ಏಳದೆ ಆಕೆ ನೋಡಿದುದು ಇದನ್ನೇ. ಮಂಚದ ಮೇಲಿನಿಂದ ಆಕೆ ಗುರುತಿಸಿದುದೂ ಇದನ್ನೇ. ಚಂದ್ರನನ್ನು ಬೈಯುತ್ತ ತಾವು ನೋಡದೆ ಬಿಟ್ಟ ರಾತ್ರಿಯನ್ನು ಗಂಡನು ನೆನಪಿಟ್ಟುಕೊಂಡು ತನಗಾಗಿ ಬರೆದುಕೊಟ್ಟಿರುವನೆಂದು ಆಕೆ ತಿಳಿದಿರಬೇಕು. ಅದನ್ನು ಅವರು ತಿದ್ದಿದರು, ಆಕೆ ತಿದ್ದಿಸಿಕೊಂಡರು. ನೆಂಟರೆದುರಿಗೆ ಒಪ್ಪಿಸಿಯೂ ಬಿಟ್ಟರು. ಅಂದು ಕಣ್ಣು ಸರಿಯಾಗಿದ್ದುದು 1ಆ ಕೋಣೆಯಲ್ಲಿ ಆಕೆಯೊಬ್ಬರದೇ. ಮಾಸ್ತರರು ಚೂರಿಯನ್ನು ಕೆಳಗಿಟ್ಟರು.

ಆ ಚಳಿಗಾಲ ಮಗನು ರಜೆಯ ಮೇಲೆ ಬಂದನು. ಹಳ್ಳಿಯ ಮನೆಯಲ್ಲಿದ್ದ ಹಳೆಯ ಚಿತ್ರವೊಂದರ ಮುಂದೆ ನಿಂತು ಅವನು ಬಹಳ ಹೊತ್ತು ಕೈಯಿಂದ ಏನನ್ನೋ ಅಳೆಯುತ್ತಿದ್ದನು. ಅದು 2015ರಲ್ಲಿ, ಕಣ್ಣು ಚೆನ್ನಾಗಿದ್ದಾಗಲೇ ಬರೆದ ಮರುಭೂಮಿಯ ಇರುಳಿನ ಚಿತ್ರ. ಮಾಸ್ತರರಿಗೆ ಅದರ ಮೇಲೆ ಅಭಿಮಾನ. “ಅಪ್ಪಾ, ಒಂದು ಮಾತು. ಅಲ್ಲೆ ಅಗಸ್ತ್ಯ ಇಷ್ಟು ಮ್ಯಾಲೆ ಇರೂದಿಲ್ಲ” ಎಂದನು ಮಗ. ಲುಬ್ಧಕನಿಗೂ ಅಗಸ್ತ್ಯನಿಗೂ ನಡುವಣ ಅಂತರವು ಎಲ್ಲಿಂದ ನೋಡಿದರೂ ಒಂದೇ, ಸುಮಾರು ಮೂವತ್ತಾರು ಅಂಶ. ಜೈಸಲ್ಮೇರಿನಲ್ಲಿ ಅಗಸ್ತ್ಯನಿಂದ ಮರಳಿನವರೆಗಿನ ಎಡೆಯು ಆ ಅಂತರದ ಮೂರರಲ್ಲೊಂದು ಪಾಲಿಗಿಂತಲೂ ಕಡಮೆಯಿರಬೇಕು. ಚಿತ್ರದಲ್ಲಿ ಅದು ಅರ್ಧಕ್ಕಿಂತ ಹೆಚ್ಚಾಗಿತ್ತು. ಅಲ್ಲಿ ನಿಂತು ಮುಷ್ಟಿ ಹಿಡಿದು ಅಳೆದು ಬಂದವರೇ, ಬರೆಯುವಾಗ ಹುಟ್ಟಿದೂರಿನ ಆಕಾಶವನ್ನು ಅಲ್ಲಿಯ ಮರಳಿನ ಮೇಲೆ ಇಟ್ಟುಬಿಟ್ಟಿದ್ದರು! ಎಂಟು ವರ್ಷ ಅದು ಎದುರಿಗೇ ಇದ್ದರೂ ಕಂಡಿರಲಿಲ್ಲ. ಈ ತಪ್ಪನ್ನು ಹೊರಿಸಲು ಪೊರೆಯೂ ಇರಲಿಲ್ಲ.

ಇದನ್ನು ಮಾಸ್ತರರು ಮರುದಿನವೇ ತಿದ್ದಿದರು. ನಕ್ಷತ್ರಗಳನ್ನು ಕದಲಿಸಲಿಲ್ಲ, ಮರಳಿನ ದಿಬ್ಬವನ್ನೇ ಒಂದು ಮುಷ್ಟಿಯಷ್ಟು ಮೇಲಕ್ಕೆ ಬೆಳೆಸಿದರು. “ಹಿಂದಕ ಅಗಸ್ತ್ಯ ಬಂದಾಂತ ವಿಂಧ್ಯ ತಗ್ಗಿತ್ತು. ಇಲ್ಲೆ ಗುಡ್ಡ ಏರಿಸಬೇಕಾತು” ಎಂದು ಮೊಮ್ಮಗಳಿಗೆ ಹೇಳಿ ನಕ್ಕರು. ಹಾಗಾದರೆ ಆ ನೀಲಿಯ ಚಿತ್ರವನ್ನೇಕೆ ತಿದ್ದಲಿಲ್ಲವೆಂದು ಅವಳು ಕೇಳಿದಳು. ಅದಕ್ಕೆ ಅವರು ಕೂಡಲೇ ಉತ್ತರವನ್ನು ಕೊಡಲಾರದೆ ಹೋದರು.

ಉತ್ತರವನ್ನು ಅವರು ತಮ್ಮೊಳಗೆ ಬಹಳ ದಿನ ಹುಡುಕಿದರು. ಅಗಸ್ತ್ಯನ ವಿಷಯದಲ್ಲಿ ಅವರು ಕಂಡುದನ್ನು ಬಿಟ್ಟು ರೂಢಿಯನ್ನು ಬರೆದಿದ್ದರು. ಅದು ಅಜಾಗ್ರತೆ, ತಿದ್ದಬೇಕಾದುದೇ. ನೀಲಿಯ ಚಿತ್ರದಲ್ಲಿ ಆ ಕಣ್ಣಿಗೆ ಸಾಧ್ಯವಾದ ಮಟ್ಟಿಗೆ ಕಂಡುದನ್ನೇ ಬರೆದಿದ್ದರು. ಅದು ಅವರು ಎಣಿಸಿದ ಚಿತ್ರವಾಗಲಿಲ್ಲವೆಂಬುದು ನಿಜ. ಆದರೆ ನೋಡಬೇಕಾದವರು ಅದನ್ನು ನೋಡಿ ಸಂತೋಷಪಟ್ಟು ಹೋದರು. ಚಂದ್ರನ ಬೆಳಕು ಸೂರ್ಯನದೇ ಎಂಬುದನ್ನು ಆರ್ಯಭಟನ ಕಾಲದಿಂದ ನಮ್ಮವರು ಬಲ್ಲರು. ಹಾಗೆಂದು ಆಕೆಯ ಮಾತೂ ತಮ್ಮ ಮಾತೂ ಒಂದೇ ಆದುವೆಂದು ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲು ಮಾಸ್ತರರು ಒಮ್ಮೆ ನೋಡಿದರು. ಆದರೆ ಅದು ತರ್ಕದ ಸಮಾಧಾನವೇ ಹೊರತು ಮನಸ್ಸಿನದಾಗಲಿಲ್ಲ. ಆಕೆಯ ಎದುರಿಗೆ “ಹೌದು, ಬೆಳದಿಂಗಳು” ಎಂದು ಹೇಳುವ ಅವಕಾಶವು ಕಳೆದುಹೋಗಿತ್ತು.

ಎಡಗಣ್ಣಿಗೂ ಚಿಕಿತ್ಸೆಯಾದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಅವರು ಮೊಮ್ಮಗಳನ್ನು ಕರೆದುಕೊಂಡು ಹಳ್ಳಿಗೆ ಹೋದರು. ಕಟ್ಟೆಯ ಮೇಲೆ ಕುಳಿತು ಕೃತ್ತಿಕೆಯನ್ನು ಎಣಿಸಿದರು: ಆರು. ಮೊಮ್ಮಗಳು ಏಳು ಎಂದಳು. ಅವರು ತಿದ್ದಲಿಲ್ಲ. ಅವಳ ಕೈಯನ್ನು ದಕ್ಷಿಣಕ್ಕೆ ಚಾಚಿಸಿ ಮುಷ್ಟಿ ಹಿಡಿಸಿ, ಅದರ ಮೇಲೆ ಇನ್ನೊಂದು ಮುಷ್ಟಿಯಿಡಿಸಿ, ಅಗಸ್ತ್ಯನು ಎಲ್ಲಿರುವನೆಂದು ಅವಳಿಂದಲೇ ಹೇಳಿಸಿದರು.

ದೊಡ್ಡ ಚಿತ್ರವು ತಿಳಕವಾಡಿಯ ಮನೆಯಲ್ಲಿ ಮೊದಲಿನ ಗೋಡೆಯ ಮೇಲೆಯೇ ಇದೆ. ಅದರ ಹಿಂಬದಿಗೆ ಮಾಸ್ತರರು ಬರೆದ ವರ್ಷವನ್ನು ಕಾಣಿಸಿ, ಕೆಳಗೆ ‘ಹುಣ್ಣಿಮೆಯ ರಾತ್ರಿ, ಸಮ್’ ಎಂದು ಹೊಸದಾಗಿ ಹೆಸರಿಟ್ಟಿರುವರು. ಬಂದವರು ನೋಡಿ, “ಬೆಳದಿಂಗಳು ಛಲೋ ಬಂದದ್ರೀ ಮಾಸ್ತರ” ಎನ್ನುವರು. “ಹೌದು” ಎಂದು ಮಾಸ್ತರರು ಹೇಳುವರು.